ಎರಡು ದನಿ, ಎರಡು ಗಿಟಾರು, ಎರಡೇ ಸಾಕೆಟ್ಟು: ಹಾಡುವ ಜೋಡಿಗೆ ಬೋಸ್ ಎಸ್1 ಪ್ರೊ

ಊರಿಗೆಲ್ಲ ಗೊತ್ತಿರುವ ಹಾಡು ಹಾಡುವವರಿಗೆ ಸ್ಪೀಕರ್ ಹೇಗಿದ್ದರೂ ನಡೆದುಹೋಗುತ್ತದೆ. ಅರ್ಧ ಸಾಲು ಗಾಳಿಗೆ ಹೋದರೂ ಕೂತವರು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾರೆ. ತಾವೇ ಬರೆದು, ತಾವೇ ರಾಗ ಹಾಕಿ, ಇಬ್ಬರೇ ಕೂತು ಹಾಡುವ ಜೋಡಿಗೆ ಈ ಅನುಕೂಲ ಇಲ್ಲ. ಎದುರಿಗಿರುವವರು ಆ ಮಾತನ್ನು ಕೇಳುತ್ತಿರುವುದೇ ಮೊದಲ ಸಲ. ಎರಡನೇ ಸಾಲಿನ ಕ್ರಿಯಾಪದ ಕೇಳಿಸದಿದ್ದರೆ ಹಾಡು ಅಲ್ಲಿಗೇ ಕೈತಪ್ಪಿತು. ಹಾಗಾಗಿ ಇಂಥ ಜೋಡಿ ಸ್ಪೀಕರ್ ಕೊಳ್ಳುವಾಗ ಎಷ್ಟು ವ್ಯಾಟ್, ಎಷ್ಟು ಬಾಸ್ ಎನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು, ಮಾತು ಬಿಡಿಬಿಡಿಯಾಗಿ ಕೇಳುತ್ತದಾ ಅಂತ. 2018ರಲ್ಲಿ ಬಂದ ಬೋಸ್ ಎಸ್1 ಪ್ರೊ ಪೆಟ್ಟಿಗೆಯನ್ನು ಇಲ್ಲಿ ತೂಗಿರುವುದು ಆ ಲೆಕ್ಕದಲ್ಲೇ. ಪಾರ್ಟಿಗೆ, ಡಿಜೆಗೆ ಇದು ಹೇಗೆ ಎನ್ನುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ.

ಪೆಟ್ಟಿಗೆ ಏನು ಅಂತ ಚುಟುಕಾಗಿ. ಸುಮಾರು 33 ಸೆಂಟಿಮೀಟರ್ ಎತ್ತರ, 24 ಅಗಲ, ಹೆಚ್ಚುಕಡಿಮೆ 7 ಕಿಲೋ ತೂಕ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕೂರುತ್ತದೆ, ಬಸ್ಸಿನಲ್ಲಿ ತಲೆ ಮೇಲಿನ ಕಟ್ಟೆಗೆ ಒಬ್ಬರೇ ಎತ್ತಿಡಬಹುದು. ಒಳಗೆ 6 ಇಂಚಿನ ಒಂದು ಸ್ಪೀಕರ್, ಮೇಲಿನ ಸ್ವರಗಳಿಗೆ ಚಿಕ್ಕವು ಮೂರು. ಲಿಥಿಯಂ ಬ್ಯಾಟರಿ ಇದೆ, ಕಂಪನಿ ಲೆಕ್ಕದಲ್ಲಿ 11 ಗಂಟೆವರೆಗೆ. ಹಿಂಬದಿಯಲ್ಲಿ ಮೈಕು ಅಥವಾ ಗಿಟಾರಿನ ಎರಡು ಚಾನೆಲ್. ಒಂದೊಂದಕ್ಕೂ ವಾಲ್ಯೂಮ್, ಟ್ರೆಬಲ್, ಬಾಸ್, ರಿವರ್ಬ್ (ದನಿಗೆ ಮಾರ್ದನಿ ಸೇರಿಸುವುದು). ಮೂರನೆಯದು ಬ್ಲೂಟೂತ್ ಮತ್ತು 3.5 ಮಿಲಿಮೀಟರ್ ಆಕ್ಸ್, ಅಂದರೆ ಫೋನು ಥರದ್ದನ್ನು ಚುಚ್ಚುವ ತೂತು. ಅದಕ್ಕೆ ವಾಲ್ಯೂಮ್ ಬಿಟ್ಟರೆ ಬೇರೇನೂ ಇಲ್ಲ. ಒಂದು ಲೈನ್ ಔಟ್, ಅಂದರೆ ಪೆಟ್ಟಿಗೆಯ ಒಟ್ಟು ದನಿಯನ್ನು ಬೇರೆ ಕಡೆಗೆ ಕಳಿಸುವ ಸಾಕೆಟ್ಟು. ಅಡಿಯಲ್ಲಿ 35 ಮಿಲಿಮೀಟರ್ ಸ್ಟ್ಯಾಂಡಿನ ತೂತು. ಎಲ್ಲ ಚಾನೆಲ್ಲನ್ನೂ ಒಟ್ಟಿಗೆ ಏರಿಸಿ ಇಳಿಸುವ ಮಾಸ್ಟರ್ ವಾಲ್ಯೂಮ್ ಎಂಬುದು ಇಲ್ಲವೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕಾಟ ಕೊಡುತ್ತದೆ.

ಮೊದಲು ಒಳ್ಳೆಯ ಮಾತು. ಕಂಠಕ್ಕೆ ಈ ಪೆಟ್ಟಿಗೆ ನಿಜಕ್ಕೂ ಚೆನ್ನಾಗಿದೆ. ಮೈಕಿಗೋ ಗಿಟಾರಿಗೋ ತಕ್ಕ ಹದ ಕೂರಿಸುವ ಟೋನ್‌ಮ್ಯಾಚ್ ಸ್ವಿಚ್ಚನ್ನು ಮೈಕಿನ ಗುರುತಿಗೆ ತಳ್ಳಿದರೆ ಸಾಮಾನ್ಯ ಡೈನಮಿಕ್ ಮೈಕಿನ ಮಬ್ಬು ಕಡಿಮೆಯಾಗಿ ವ್ಯಂಜನಗಳು ಮುಂದೆ ಬರುತ್ತವೆ. ಆದರೆ ಕನ್ನಡಕ್ಕೆ ಎರಡು ಕಡೆ ಕೈ ಆಡಿಸಲೇಬೇಕು. ಒಂದು ಬಾಸ್. ಮೈಕಿಗೆ ತುಟಿ ಹತ್ತಿರವಾದಷ್ಟೂ ದನಿಯ ಕೆಳಭಾಗ ಊದಿಕೊಳ್ಳುತ್ತದೆ. ಜೊತೆಗೆ ಪ, ಬ ಬಂದಾಗಲೆಲ್ಲ, ಮಹಾಪ್ರಾಣವನ್ನು ನಿಜವಾಗಿ ಉಸಿರು ಕೊಟ್ಟು ಹಾಡುವವರಾದರೆ ಭ, ಫ ಬಂದಾಗ ಇನ್ನೂ ಜೋರಾಗಿ, ಗಾಳಿ ಧಬ್ ಎಂದು ಬಡಿಯುತ್ತದೆ. ಬಾಸ್ ತಿರುಪನ್ನು ಗಡಿಯಾರದ ಹನ್ನೆರಡರಿಂದ ಹತ್ತಕ್ಕೆ ತನ್ನಿ, ಮೈಕನ್ನು ಬಾಯಿಯ ನೇರದಿಂದ ಒಂದು ಬೆರಳಷ್ಟು ಪಕ್ಕಕ್ಕೆ ಸರಿಸಿ. ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು.

ಎರಡನೆಯದು ರಿವರ್ಬ್, ಎಲ್ಲರೂ ಕೆಡುವುದು ಇಲ್ಲೇ. ಕ್ಕ, ತ್ತ, ಪ್ಪ ಥರದ ಒತ್ತಕ್ಷರ ಎಂದರೆ ನಮ್ಮ ಬಾಯಲ್ಲಿ ಒಂದು ಸಣ್ಣ ಮೌನ. ‘ಕತ್ತೆ’ ಎನ್ನುವಾಗ ನಾಲಗೆ ಹಲ್ಲಿಗೆ ಒತ್ತಿ ಒಂದು ಕ್ಷಣ ದನಿ ನಿಲ್ಲುತ್ತದೆ, ಆ ನಿಲುಗಡೆಯೇ ಅದನ್ನು ‘ಕತೆ’ಯಿಂದ ಬೇರೆ ಮಾಡುವುದು. ರಿವರ್ಬ್ ಹೆಚ್ಚಾದರೆ ಹಿಂದಿನ ಸ್ವರದ ಬಾಲ ಬಂದು ಆ ಮೌನವನ್ನು ತುಂಬಿಬಿಡುತ್ತದೆ. ಕತ್ತೆ ಹೋಗಿ ಕತೆಯಾಗುತ್ತದೆ. ಸುಮಾರು ಒಂಬತ್ತರ ಜಾಗ ದಾಟಿ ಈ ತಿರುಪನ್ನು ಒಯ್ಯಬೇಡಿ. ಗಾರೆ ನೆಲ, ಬರಿಗೋಡೆ, ತಗಡಿನ ಸೂರು ಇರುವ ಸಭಾಂಗಣದಲ್ಲಿ ಪೂರ್ತಿ ಸೊನ್ನೆ ಇಡಿ. ಅಲ್ಲಿ ಬೇಕಾದಷ್ಟು ಮಾರ್ದನಿ ಕಟ್ಟಡವೇ ಪುಕ್ಕಟೆ ಕೊಡುತ್ತದೆ. ಬರೀ ಆಲಾಪ ಇರುವ ಜಾಗಕ್ಕೆ ಬೇಕೆನಿಸಿದರೆ ಹಾಡಿನ ನಡುವೆ ಎದ್ದುಹೋಗಿ ತಿರುಪುವಂತಿಲ್ಲ, ಎಲ್ಲ ತಿರುಪೂ ಪೆಟ್ಟಿಗೆಯ ಬೆನ್ನಿಗೇ ಇವೆ.

ಈಗ ಅಸಲಿ ತಕರಾರು. ಜೋಡಿ ಎಂದರೆ ಕಡಿಮೆ ಎಂದರೂ ನಾಲ್ಕು ಮೂಲ: ಎರಡು ಕಂಠ, ಎರಡು ವಾದ್ಯ. ಈ ಪೆಟ್ಟಿಗೆಗೆ ಸಾಕೆಟ್ಟು ಎರಡು. ಒಬ್ಬರೇ ಕೂತು ಗಿಟಾರು ಹಿಡಿದು ಹಾಡುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಸಾಮಾನಿದು, ಅದರಲ್ಲಿ ಸಂಶಯವಿಲ್ಲ. ಅಂಗಡಿಯವರು ‘ಮೂರು ಚಾನೆಲ್ ಇದೆ ಸರ್’ ಎನ್ನುತ್ತಾರೆ, ಸುಳ್ಳೇನಲ್ಲ. ಆ ಮೂರನೆಯದರಲ್ಲಿ ಮೈಕ್ ಓಡುವುದಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ.

ದಾರಿಗಳಿವೆ, ಒಂದೊಂದಕ್ಕೂ ಒಂದೊಂದು ತೆರಿಗೆ.

ಅತಿ ಅಗ್ಗದ ದಾರಿ, ಎರಡು ಸಾಕೆಟ್ಟಿಗೆ ಎರಡು ಕಂಠದ ಮೈಕು ಕೊಟ್ಟು, ಪ್ರಿಆಂಪ್ (ದನಿಯನ್ನು ಗಿಟಾರಿನೊಳಗೇ ಏರಿಸುವ, ಬ್ಯಾಟರಿಯಲ್ಲಿ ಓಡುವ ಭಾಗ) ಇರುವ ಗಿಟಾರನ್ನು ಕಾಲಿಂಚು-3.5 ಮಿಲಿಮೀಟರ್ ಪರಿವರ್ತಕ ಹಾಕಿ ಆಕ್ಸಿಗೆ ಚುಚ್ಚುವುದು. ಸದ್ದು ಬರುತ್ತದೆ, ಟ್ರೆಬಲ್ಲು ಬಾಸು ಗಿಟಾರಿನ ಪಕ್ಕೆಯಲ್ಲಿರುವ ತಿರುಪಿನಲ್ಲೇ ಸರಿಮಾಡಿಕೊಳ್ಳಬೇಕು. ಬ್ಯಾಟರಿ ಇಲ್ಲದ ಬರೀ ಪೀಜೊ ಪಿಕಪ್ (ಗಿಟಾರಿನ ಕಂಪನವನ್ನು ಹಿಡಿಯುವ ಪಟ್ಟಿ) ಆದರೆ ಹೀಗೆ ಮಾಡಬೇಡಿ. ಅಂಥ ಪಿಕಪ್ಪಿಗೆ ತುಂಬ ಹೆಚ್ಚಿನ ಇಂಪೀಡೆನ್ಸಿನ (ವಿದ್ಯುತ್ ತಡೆಯ) ಇನ್‌ಪುಟ್ ಬೇಕು. ಆಕ್ಸಿನಂಥ ಲೈನ್ ಇನ್‌ಪುಟ್ಟಿಗೆ ಕೊಟ್ಟರೆ ಬಾಸೆಲ್ಲ ಸೋರಿಹೋಗಿ ತಗಡು ಬಡಿದ ಹಾಗೆ ಕೇಳುತ್ತದೆ. ಎರಡನೇ ವಾದ್ಯ ಏಕತಾರಿಯೋ ದಮ್ಮಡಿಯೋ ಆದರೆ ಈ ದಾರಿ ಸಾಕು. ಚಿಕ್ಕ ಜಾಗದಲ್ಲಿ ದಮ್ಮಡಿಗೆ ಮೈಕೇ ಬೇಡ, ಕಂಠದ ಮೈಕಿಗೆ ಬೀಳುವಷ್ಟೇ ಹೆಚ್ಚು.

ಇಬ್ಬರಿಗೂ ಸೇರಿ ಒಂದೇ ಮೈಕ್ ಇಡುವುದು ಇನ್ನೊಂದು. ನೋಡಲು ಚೆಂದ, ಎರಡು ದನಿಯ ಹದವನ್ನು ಹಾಡುವವರೇ ಮುಂದೆ ಹಿಂದೆ ಸರಿದು ಮಾಡಿಕೊಳ್ಳಬಹುದು. ಆದರೆ ಲೆಕ್ಕ ನೋಡಿ: 5 ಸೆಂಟಿಮೀಟರಿನಲ್ಲಿದ್ದ ಬಾಯಿ 25ಕ್ಕೆ ಹೋದರೆ ಮೈಕಿಗೆ ಸಿಗುವ ದನಿ ಸುಮಾರು 14 ಡೆಸಿಬೆಲ್ ಇಳಿಯುತ್ತದೆ. ಅಷ್ಟನ್ನೂ ವಾಲ್ಯೂಮಿನಲ್ಲಿ ಎತ್ತಬೇಕು, ಎತ್ತಿದರೆ ಮೈಕು ಕುಂಯ್ ಎನ್ನುತ್ತದೆ. ದೂರದಿಂದ ದನಿ ಹಿಡಿಯಲು ಹೇಳಿಮಾಡಿಸಿದ್ದು ಕಂಡೆನ್ಸರ್ ಮೈಕು. ಅದಕ್ಕೆ 48 ವೋಲ್ಟ್ ಫ್ಯಾಂಟಮ್, ಅಂದರೆ ಮೈಕಿನ ಕೇಬಲ್ಲಿನಲ್ಲೇ ಹರಿಯುವ ಕರೆಂಟು ಬೇಕು, ಎಸ್1 ಪ್ರೊ ಅದನ್ನು ಕೊಡುವುದಿಲ್ಲ. ಇದು ಗೊತ್ತಿಲ್ಲದೆ ಕಂಡೆನ್ಸರ್ ಮೈಕು ತಂದು, ಕೇಬಲ್ ಕೆಟ್ಟಿದೆ ಎಂದು ಹೊಸ ಕೇಬಲ್ ಕೊಂಡವರಿದ್ದಾರೆ. ಮನೆಯ ಪಡಸಾಲೆಯಲ್ಲಿ ಇಪ್ಪತ್ತು ಜನ ಸುಮ್ಮನೆ ಕೂತು ಕೇಳುವುದಾದರೆ ಒಂದೇ ಮೈಕಿನ ಪದ್ಧತಿ ಓಡುತ್ತದೆ. ಕಾಫಿ ಲೋಟದ ಸದ್ದಿರುವ ಕಡೆ ಓಡುವುದಿಲ್ಲ.

ಮೂರನೆಯದು ಸಣ್ಣ ಮಿಕ್ಸರ್, ಅಂದರೆ ಹಲವು ಮೂಲದ ದನಿಗಳನ್ನು ಒಂದಾಗಿ ಕೂಡಿಸುವ ಸಾಧನ. ಯಮಾಹಾ ಎಂಜಿ06 ಇದಕ್ಕೆ ಸರಿಯಾದ ಅಳತೆ: ಎರಡು ಮೈಕ್ ಇನ್‌ಪುಟ್, ಫ್ಯಾಂಟಮ್, ಜೊತೆಗೆ ಎರಡು ಸ್ಟೀರಿಯೊ ಲೈನ್. ಕಂಠ 1, 2ಕ್ಕೆ. ಗಿಟಾರುಗಳು 3 ಮತ್ತು 5ಕ್ಕೆ, ಅಂದರೆ ಆಯಾ ಜೋಡಿಯ ಎಡ ಸಾಕೆಟ್ಟಿಗೆ. ಎಡಕ್ಕೆ ಮಾತ್ರ ಚುಚ್ಚಿದರೆ ಮಿಕ್ಸರ್ ಅದನ್ನು ಮೋನೊ ಎಂದು ತಿಳಿದು ನಡುವಿಗೆ ತರುತ್ತದೆ. ಬಲಕ್ಕೆ ಚುಚ್ಚಿದರೆ ಬಲಕ್ಕಷ್ಟೇ ಹೋಗುತ್ತದೆ. ನಂತರ ಮಿಕ್ಸರಿನ ಎಡ ಔಟ್‌ಪುಟ್ ಒಂದನ್ನೇ ಪೆಟ್ಟಿಗೆಯ ಚಾನೆಲ್ 1ಕ್ಕೆ ಕೊಡುವುದು. ‘ಒಂದು ಗಿಟಾರು ಕೇಳುತ್ತಿಲ್ಲ’ ಎಂಬ ದೂರು ಹುಟ್ಟುವುದೇ ಇಲ್ಲಿ: ಬಲಕ್ಕೆ ಚುಚ್ಚಿದ ಅಥವಾ (ದನಿಯನ್ನು ಎಡಕ್ಕೋ ಬಲಕ್ಕೋ ಸರಿಸುವ) ಪ್ಯಾನ್ ತಿರುಪು ಪೂರ್ತಿ ಬಲಕ್ಕೆ ವಾಲಿದ ಮೂಲ, ಎಡ ಔಟ್‌ಪುಟ್ಟಿನಲ್ಲಿ ಇರುವುದೇ ಇಲ್ಲ. ಪೆಟ್ಟಿಗೆಯ ಟೋನ್‌ಮ್ಯಾಚ್ ಆಫ್ ಮಾಡಿ. ಮೈಕಿನ ಗುರುತಿನಲ್ಲೇ ಬಿಟ್ಟರೆ ಗಿಟಾರಿಗೂ ಕಂಠದ ಲೇಪ ಬಿದ್ದು ತಂತಿ ಚುಚ್ಚುತ್ತದೆ. ಮಿಕ್ಸರಿನ ಮಾಸ್ಟರನ್ನು ಮುಕ್ಕಾಲಿಗಿಂತ ಕೆಳಗಿಟ್ಟು ಪೆಟ್ಟಿಗೆಯ ವಾಲ್ಯೂಮಿನಿಂದ ಎತ್ತಿ. ಸಿಗ್ನಲ್ ದೀಪ ಹಸಿರಾಗಿರಬೇಕು. ಜೋರಾದ ಪಲ್ಲವಿಗೆ ಒಮ್ಮೆ ಕೆಂಪು ಮಿಟುಕಿದರೆ ತೊಂದರೆಯಿಲ್ಲ, ಕೆಂಪು ನಿಂತೇಬಿಟ್ಟರೆ ಮಿಕ್ಸರ್ ಇಳಿಸಿ.

ಈ ದಾರಿಯ ತೆರಿಗೆ ಕರೆಂಟು. ಬ್ಯಾಟರಿ ಪೆಟ್ಟಿಗೆ ಕೊಂಡಿದ್ದೇ ಪ್ಲಗ್ಗಿನ ಹಂಗು ಬೇಡವೆಂದು, ಮಿಕ್ಸರಿಗೆ ಮತ್ತೆ ಅಡಾಪ್ಟರ್ ಚುಚ್ಚಬೇಕು. ಮಾವಿನ ತೋಪಿನಲ್ಲಿ, ಶಾಲೆಯ ಅಂಗಳದಲ್ಲಿ, ಕರೆಂಟು ಕೈಕೊಡುವ ಸಂಜೆಗಳಲ್ಲಿ ಇದು ದೊಡ್ಡ ಮಾತು. ಯುಎಸ್‌ಬಿಯ 5 ವೋಲ್ಟಿನಲ್ಲಿ ಓಡುವ ಯಮಾಹಾ ಎಜಿ06 ಥರದ್ದಾದರೆ ಫೋನಿನ ಪವರ್ ಬ್ಯಾಂಕ್ ಸಾಕು. ಅದನ್ನು ರೆಕಾರ್ಡಿಂಗಿಗೂ ಬಳಸಬಹುದು, ಹಾಡು ಕಟ್ಟುವ ಜೋಡಿಗೆ ಅದೂ ಒಂದು ಲಾಭ. ಆ ಪವರ್ ಬ್ಯಾಂಕನ್ನು ಅದೇ ಹೊತ್ತಿಗೆ ಚಾರ್ಜಿಗೆ ಹಾಕಬೇಡಿ. ಅಗ್ಗದ ಚಾರ್ಜರಿನ ಗುಂಯ್ ಸದ್ದು ಸೀದಾ ಸ್ಪೀಕರಿಗೆ ಬರುತ್ತದೆ.

ಕೊನೆಯದು ದುಬಾರಿ, ಆದರೆ ನಮ್ಮ ಮತ ಇದಕ್ಕೇ: ಎರಡು ಪೆಟ್ಟಿಗೆ, ಮಿಕ್ಸರ್ ಇಲ್ಲ. ಒಬ್ಬೊಬ್ಬರ ಕಂಠ, ಗಿಟಾರು ಅವರವರ ಪೆಟ್ಟಿಗೆಗೆ. ದನಿ ಯಾರದೋ ಅವರು ಕೂತ ಕಡೆಯಿಂದಲೇ ಬರುವುದರಿಂದ ಎರಡು ಸಾಲು ಒಂದರ ಮೇಲೊಂದು ಬಿದ್ದರೂ ಕಿವಿ ಬಿಡಿಸಿಕೊಳ್ಳುತ್ತದೆ. ಸವಾಲು-ಜವಾಬಿನ ಹಾಡುಗಳಲ್ಲಿ ಇದರ ಸೊಗಸೇ ಬೇರೆ. ಒಂದು ಪೆಟ್ಟಿಗೆ ಕೆಟ್ಟರೂ ಕಾರ್ಯಕ್ರಮ ನಿಲ್ಲುವುದಿಲ್ಲ. ತೊಂದರೆ ಏನೆಂದರೆ ಜೊತೆಗಾರರ ದನಿ ನಿಮಗೆ ಕಡಿಮೆ ಕೇಳುತ್ತದೆ, ಎರಡನೇ ಸ್ವರ ಹಿಡಿಯುವವರು ಜಾರುತ್ತಾರೆ. ಪೆಟ್ಟಿಗೆಗಳನ್ನು ಸ್ವಲ್ಪ ಒಳಮುಖವಾಗಿ ತಿರುಗಿಸಿದರೆ ಸರಿಹೋಗುತ್ತದೆ. ಒಂದರ ಲೈನ್ ಔಟನ್ನು ಇನ್ನೊಂದಕ್ಕೆ, ಅದರದ್ದನ್ನು ಮತ್ತೆ ಇದಕ್ಕೆ ಕೊಟ್ಟು ‘ಎರಡರಲ್ಲೂ ಎಲ್ಲ’ ಕೇಳಿಸುವ ಆಸೆ ಬೇಡ. ದನಿ ಸುತ್ತು ಹೊಡೆದು ಕೂಗು ಶುರುವಾಗುತ್ತದೆ.

ಎಷ್ಟು ಜನಕ್ಕೆ ಸಾಕು? ಪೆಟ್ಟಿಗೆಯ ಗರಿಷ್ಠ ಮಟ್ಟ ಒಂದು ಮೀಟರಿನಲ್ಲಿ 103 ಡೆಸಿಬೆಲ್. ಬಯಲಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಕಳೆಯಿರಿ: 2 ಮೀಟರಿಗೆ 97, 4ಕ್ಕೆ 91, 8ಕ್ಕೆ 85, 16ಕ್ಕೆ 79. ಇದು ಪೆಟ್ಟಿಗೆಯ ಕತ್ತು ಹಿಸುಕಿದಾಗಿನ ಲೆಕ್ಕ. ನಿತ್ಯದ ಬಳಕೆಗೆ ಇನ್ನೊಂದು ಹತ್ತು ಇಳಿಸಿಕೊಳ್ಳಿ. ಕೂತು ಕೇಳುವ ಐವತ್ತು ಅರವತ್ತು ಜನ, ಎಂಟು ಹತ್ತು ಮೀಟರಿನ ಕೋಣೆ: ಆರಾಮ. ಮಾತಾಡುತ್ತಾ ತಿನ್ನುತ್ತಿರುವ ಕೆಫೆಯಲ್ಲಿ ಹಿಂದಿನ ಮೇಜಿಗೆ ಮಾತು ಮುಟ್ಟುವುದು ಕಷ್ಟ. ಬಯಲಿನಲ್ಲಿ ಇನ್ನೂರು ಜನಕ್ಕೆ ಇದನ್ನು ನಂಬಿ ಹೋಗಬೇಡಿ, ಶಾಮಿಯಾನದವರ ಜೊತೆ ಬರುವ ಸೌಂಡ್ ಸೆಟ್ಟೇ ವಾಸಿ.

ಅಂಥ ಕಡೆ ಈ ಪೆಟ್ಟಿಗೆಯನ್ನು ನಿಮ್ಮ ಕಾಲ ಬಳಿ ಓರೆಯಾಗಿಟ್ಟು ಮಾನಿಟರ್ ಮಾಡಿಕೊಂಡು, ಲೈನ್ ಔಟಿನಿಂದ ಸೌಂಡಿನವರಿಗೆ ಒಂದೇ ಕೇಬಲ್ ಕೊಡಬಹುದು. ಓರೆ ಇಟ್ಟಿದ್ದು, ನಿಲ್ಲಿಸಿದ್ದು, ಮಲಗಿಸಿದ್ದು, ಸ್ಟ್ಯಾಂಡಿಗೆ ಏರಿಸಿದ್ದು ಪೆಟ್ಟಿಗೆಗೇ ಗೊತ್ತಾಗಿ ಸ್ವರದ ಹದ ಬದಲಿಸಿಕೊಳ್ಳುತ್ತದೆ. ಈ ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡುತ್ತದೆ. ಗೋಡೆಗೆ ಅಂಟಿಸಿಟ್ಟದ್ದು ಮಾತ್ರ ಅದಕ್ಕೆ ತಿಳಿಯುವುದಿಲ್ಲ, ಬಾಸ್ ಊದಿಕೊಂಡರೆ ನೀವೇ ಮುಂದೆ ಎಳೆಯಬೇಕು. ಮಾಸ್ಟರ್ ವಾಲ್ಯೂಮ್ ಇಲ್ಲದ ಕಾಟ ಇಲ್ಲಿ ಬರುತ್ತದೆ. ‘ನನಗೆ ನನ್ನ ದನಿ ಸಾಲದು’ ಎಂದು ನೀವು ತಿರುಪು ಎತ್ತಿದರೆ ಸಭಾಂಗಣಕ್ಕೆ ಹೋಗುವ ದನಿಯೂ ಏರುತ್ತದೆ, ಸೌಂಡಿನವರು ಅಲ್ಲಿ ಇಳಿಸುತ್ತಾರೆ, ನೀವು ಇನ್ನಷ್ಟು ಎತ್ತುತ್ತೀರಿ. ತಾಲೀಮಿನ ಹೊತ್ತಿಗೆ ಇಬ್ಬರೂ ಜೋರಾದ ಪಲ್ಲವಿ ಹಾಡಿ, ಅಲ್ಲಿಗೆ ತಿರುಪು ನಿಲ್ಲಿಸಿ, ಆಮೇಲೆ ಮುಟ್ಟುವುದಿಲ್ಲ ಎಂದು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಒಂದೇ ಪೆಟ್ಟಿಗೆ ಆದರೆ ಎಲ್ಲಿಡಬೇಕು? ಹಲವರು ಬೆನ್ನ ಹಿಂದೆ ಇಡುತ್ತಾರೆ. ತಮಗೂ ಕೇಳುತ್ತದೆ, ಜನಕ್ಕೂ ಕೇಳುತ್ತದೆ ಎಂಬ ತರ್ಕ ಸರಿಯೇ. ಆದರೆ ಮೈಕಿನ ಬಾಯಿ ಹಾಡುವವರ ಕಡೆಗಿದೆ, ಅಂದರೆ ಹಿಂದಿರುವ ಪೆಟ್ಟಿಗೆಯ ಕಡೆಗೂ. ಒಬ್ಬರಾದರೆ ಮೈ ಅಡ್ಡವಾಗಿ ಬಚಾವಾಗುತ್ತಾರೆ. ಇಬ್ಬರು ಕೂತಾಗ ನಡುವಿನ ಸಂದಿಯಿಂದ ದನಿ ಸೀದಾ ಮೈಕಿಗೆ ನುಗ್ಗುತ್ತದೆ. ತೆರೆದ ಮೈಕು ಒಂದರಿಂದ ಎರಡಾದರೆ ಕೂಗುವ ಮೊದಲು ಸಿಗುವ ಅವಕಾಶದಲ್ಲಿ 3 ಡೆಸಿಬೆಲ್ ಅದಾಗಲೇ ಹೋಗಿರುತ್ತದೆ. ಪೆಟ್ಟಿಗೆಯನ್ನು ಪಕ್ಕಕ್ಕೆ ಎರಡು ಮೀಟರ್ ಸರಿಸಿ, ಮೈಕಿನ ಸಾಲಿಗೆ ಸಮನಾಗಿ ಅಥವಾ ಒಂದಡಿ ಮುಂದೆ, ಸ್ಟ್ಯಾಂಡಿನ ಮೇಲೆ, ಕೂತವರ ತಲೆಗಿಂತ ಮೇಲಕ್ಕೆ ಏರಿಸಿ. ಅಂಚಿನ ದನಿ ನಿಮಗೂ ಸಿಗುತ್ತದೆ.

ಗಿಟಾರು ಕೂಗುವುದು ಬೇರೆ ಕಾರಣಕ್ಕೆ. ದೊಡ್ಡ ಹೊಟ್ಟೆಯ ಗಿಟಾರಿನ ಒಳಗಿನ ಗಾಳಿ 100 ಹರ್ಟ್ಸ್ ಆಸುಪಾಸಿನಲ್ಲಿ ತಾನೇ ತಾನಾಗಿ ಮೊಳಗುತ್ತದೆ. ಐದನೇ ತಂತಿ, ಎ, 110 ಹರ್ಟ್ಸ್. ಹಾಗಾಗಿ ಅದನ್ನು ಮೀಟಿದಾಗ ಊಂ ಎಂದು ಹಿಡಿದುಕೊಂಡು ಬಿಡುವುದೇ ಇಲ್ಲ. ಬಾಸ್ ತಿರುಪನ್ನು ಇಳಿಸಿ. ಸಾಲದಿದ್ದರೆ ಗಿಟಾರಿನ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ. ಪ್ರಿಆಂಪಿನಲ್ಲಿ ಫೇಸ್ ಗುಂಡಿ (ದನಿಯ ಅಲೆಯನ್ನು ತಲೆಕೆಳಗು ಮಾಡುವುದು) ಇದ್ದರೆ ಒತ್ತಿ ನೋಡಿ, ಅರ್ಧದಷ್ಟು ಸಲ ಅದೊಂದರಲ್ಲೇ ನಿಲ್ಲುತ್ತದೆ. ಗಿಟಾರಿನ 9 ವೋಲ್ಟ್ ಬ್ಯಾಟರಿ ಸಾಯುವ ಹೊತ್ತಿಗೆ ಬರುವ ಗರಗರ ಸದ್ದನ್ನು ಪೆಟ್ಟಿಗೆಯ ದೋಷವೆಂದುಕೊಳ್ಳುವವರು ಬಹಳ. ಸಾಮಾನ್ಯವಾಗಿ ಕೇಬಲ್ ಚುಚ್ಚಿದ್ದರೆ ಪ್ರಿಆಂಪ್ ಆನ್ ಆಗಿಯೇ ಇರುತ್ತದೆ. ವಿರಾಮದಲ್ಲಿ ಕೇಬಲ್ ಕೀಳಿ, ಕೀಳುವ ಮೊದಲು ವಾಲ್ಯೂಮ್ ಇಳಿಸಿ.

ಬ್ಲೂಟೂತಿಗೆ ಜೋಡಿಯ ಕೈಯಲ್ಲಿ ಒಂದೇ ಒಳ್ಳೆಯ ಉಪಯೋಗ: ಫೋನಿನ ಶ್ರುತಿ ಆ್ಯಪ್. ಒಂದೇ ಸಮನೆ ನಿಂತ ದನಿಗೆ ಬ್ಲೂಟೂತಿನ ತಡ ಲೆಕ್ಕಕ್ಕಿಲ್ಲ. ತಾಳದ ಟ್ರ್ಯಾಕಿಗೆ ಬಳಸಿದರೆ ಆ ತಡವೇ ಮುಳುವು. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಬ್ಲೂಟೂತ್ ಮಾತ್ರ ಮತ್ತೆ ಆನ್ ಮಾಡಿ. ಇಲ್ಲದಿದ್ದರೆ ಗ್ಯಾಸ್ ಸಿಲಿಂಡರ್ ಬುಕಿಂಗಿನ ಮೆಸೇಜು ವಿರಹಗೀತೆಯ ನಡುವೆ ಟಿಣ್ ಎನ್ನುತ್ತದೆ.

ಬೇರೇನು ಕೊಳ್ಳಬಹುದು? ಯಮಾಹಾ ಸ್ಟೇಜ್‌ಪಾಸ್ 200ಬಿಟಿಆರ್‌ನಲ್ಲಿ ಐದು ಚಾನೆಲ್ಲಿನ ಮಿಕ್ಸರ್ ಒಳಗೇ ಇದೆ, 8 ಇಂಚಿನ ಸ್ಪೀಕರ್ ಇದೆ, ಬ್ಯಾಟರಿಯೂ ಇದೆ. ಕಾರು ಇರುವ ಜೋಡಿ ಅದನ್ನೇ ಮೊದಲು ನೋಡಬೇಕು. ತೂಕ 12 ಕಿಲೋ ಆಸುಪಾಸು ಆದ್ದರಿಂದ ಬಸ್ಸು, ಮೆಟ್ರೊ ಹತ್ತುವವರು ಎರಡು ಸಲ ಯೋಚಿಸುತ್ತಾರೆ. ಬೋಸಿನದೇ ಎಸ್1 ಪ್ರೊ ಪ್ಲಸ್ 2023ರಲ್ಲಿ ಬಂತು. ಅದರಲ್ಲಿ ಪೆಟ್ಟಿಗೆಯ ಒಳಗೇ ಚಾರ್ಜಾಗುವ ವೈರ್‌ಲೆಸ್ ಟ್ರಾನ್ಸ್‌ಮಿಟರ್ ಸೇರಿಸಿಕೊಳ್ಳಬಹುದು. ಕೂತು ಹಾಡುವ ಇಬ್ಬರಿಗೆ ವೈರಿಲ್ಲದ ಸುಖ ಅಷ್ಟೇನೂ ದೊಡ್ಡದಲ್ಲ, ಆ ಹಣಕ್ಕೆ ಒಳ್ಳೆಯ ಮೈಕು ಬರುತ್ತದೆ.

ಪ್ಲಸ್ ಬಂದ ಮೇಲೆ ಹಳೆಯ ಎಸ್1 ಪ್ರೊ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ, ಕೊಳ್ಳುವುದಾದರೆ ಅದೇ ಲಾಭ. ಹೋದಾಗ ಚಾರ್ಜರ್ ಕಿತ್ತು ಬರೀ ಬ್ಯಾಟರಿಯಲ್ಲಿ ಒಂದು ಗಂಟೆ ಓಡಿಸಿ ನೋಡಿ. ಮಾರುವವರು ಬೇಡವೆಂದರೆ ಕಾರಣ ಊಹಿಸಿಕೊಳ್ಳಿ. ಕಂಪನಿಯ 11 ಗಂಟೆ ಹದವಾದ ದನಿಗೆ ಹೇಳಿದ್ದು, ಜೋರು ನುಡಿಸಿದರೆ ಹೊಸದಕ್ಕೂ ಅಷ್ಟು ಬರುವುದಿಲ್ಲ. ಎರಡು ಸಾಕೆಟ್ಟಿಗೂ ಮೈಕು, ಗಿಟಾರು ಎರಡನ್ನೂ ಚುಚ್ಚಿ ಅಲುಗಾಡಿಸಿ. ತಿರುಪುಗಳನ್ನು ಸೊನ್ನೆಯಿಂದ ತುದಿವರೆಗೆ ಮೆಲ್ಲಗೆ ತಿರುಗಿಸುವಾಗ ಕರಕರ ಬಂದರೆ ಒಳಗೆ ಧೂಳು ಹೋಗಿದೆ. ಮುಂದಿನ ಜಾಲರಿ ತಗ್ಗಿದ್ದರೆ ಪೆಟ್ಟಿಗೆ ಬಿದ್ದಿದೆ. ಹಾಗಿದ್ದರೆ ಗಿಟಾರಿನ ಆರನೇ ತಂತಿಯನ್ನು, ಅದು 82 ಹರ್ಟ್ಸ್, ಜೋರಾಗಿ ಮೀಟಿ ಸ್ಪೀಕರಿನಲ್ಲಿ ಪರಪರ ಸದ್ದು ಸೇರುತ್ತದಾ ಅಂತ ಕಿವಿಗೊಟ್ಟು ಕೇಳಿ. ಅದು ಬಂದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.